ಹದಿನಾರು ಮಿಲಿಮೀಟರು

ಆ ಮನೆಯ ಗೋಡೆಗಳಿಗೆಲ್ಲ ಬಣ್ಣ ಬಳಿದರೂ ಅಡುಗೆಮನೆ ಬಾಗಿಲಿನ ಹಿಂಬದಿಗೆ ಮಾತ್ರ ಕುಂಚ ಸೋಕಿಸುವಂತಿರಲಿಲ್ಲ. ಹಿಂದಿನ ವರ್ಷ ಬಣ್ಣದವನು ಬಂದಾಗ ಅಜ್ಜಿ ಆ ಬಾಗಿಲಿಗೇ ಕುರ್ಚಿ ಒತ್ತಿಕೊಂಡು ಕೂತು, "ಇದೊಂದನ್ನ ಬಿಟ್ಟು ಬೇಕಾದರೆ ನನಗೇ ಬಳಿಯಪ್ಪ" ಎಂದಿದ್ದರು. ಆ ಹಿಂಬದಿಯಲ್ಲಿ ಸೀಸದ ಕಡ್ಡಿಯ ಗೆರೆಗಳು ಏಣಿಯ ಮೆಟ್ಟಿಲಿನಂತೆ ಮೇಲೇರಿದ್ದವು. ಕೆಳಗೆಲ್ಲ ವರ್ಷಕ್ಕೊಂದು ಗೆರೆ. ಮೇಲಿನ ಮೂರು ಬೆರಳಿನಷ್ಟು ಜಾಗದಲ್ಲಿ ಮಾತ್ರ ವಾರಕ್ಕೊಂದು, ಬಾಚಣಿಗೆಯ ಹಲ್ಲಿನಷ್ಟು ಒತ್ತೊತ್ತಾಗಿ.

ಅಳತೆ ನಡೆಯುತ್ತಿದ್ದದ್ದು ಸೋಮವಾರ ಬೆಳಿಗ್ಗೆ. ಅಮ್ಮನಿಗೆ ರಜೆ ಇದ್ದದ್ದು ಅವತ್ತೇ. ಮಗಳು ಜಡೆ ಬಿಚ್ಚಿ, ಬರಿಗಾಲಲ್ಲಿ, ಹಿಮ್ಮಡಿ ಬಾಗಿಲಿಗೆ ತಾಗಿಸಿ ನಿಲ್ಲಬೇಕು. ಅಜ್ಜಿ ನೆಲದ ಮೇಲೆ ಕೂತು ಹಿಮ್ಮಡಿ ಎದ್ದಿದೆಯೋ ಎಂದು ಕಾಯಬೇಕು. ಅಮ್ಮ ದಪ್ಪ ಪುಸ್ತಕವೊಂದನ್ನು ತಲೆಯ ಮೇಲಿಟ್ಟು, ಅದರ ತಳಕ್ಕೆ ಗೆರೆ ಎಳೆದು, ಆಮೇಲೆ ಸ್ಟೀಲ್ ಟೇಪು ಹಿಡಿಯಬೇಕು.

"ಉಸಿರು ಬಿಡೇ, ಬಲೂನಿನ ಹಾಗೆ ಉಬ್ಬಿಸಿಕೊಂಡಿದ್ದೀಯ" ಎಂದು ಅಜ್ಜಿ ಕೆಳಗಿನಿಂದ ಗದರುತ್ತಿದ್ದರು.

"ಅಜ್ಜಿ, ಎತ್ತರ ಅಳೀತಿರೋದು, ಹೊಟ್ಟೆ ಅಲ್ಲ."

ಹತ್ತು ವರ್ಷದ ಈ ಮಗಳನ್ನು ಮನೆಯಲ್ಲಿ ಮೆಣಸು ಎಂದು ಕರೆಯುತ್ತಿದ್ದರು. ಕಾಳು ಚಿಕ್ಕದು, ಬಾಯಿ ಖಾರ. ತರಗತಿಯ ಸಾಲಿನಲ್ಲಿ ಮೊದಲನೆಯ ಜಾಗ ಅವಳದು, ಅಂಕದಲ್ಲಲ್ಲ, ಗಿಡ್ಡತನದಲ್ಲಿ. ಅವಳಿಗೆ ಅದರ ದುಃಖ ಅಷ್ಟೇನೂ ಇರಲಿಲ್ಲ. ಇದ್ದ ದುಃಖವೆಲ್ಲ ಒಂದೇ ಒಂದು ಸಂಖ್ಯೆಯದು: ನೂರಾ ಮೂವತ್ತು.

ಅದು ಗಿಡುಗದ ಎತ್ತರ. ಗಿಡುಗ ಎಂದರೆ ಊರಾಚೆಯ ಆಟದ ಪಾರ್ಕಿನಲ್ಲಿ ಮೋಡಕ್ಕೆ ತಲೆ ತಾಗಿಸುವಂತೆ ಬಾಗಿದ ಒಂದು ಹಳಿ, ಅದಕ್ಕೆ ಜೋತುಬಿದ್ದ ಹನ್ನೆರಡು ಸೀಟು. ಕಾಲಿನ ಕೆಳಗೆ ಏನೂ ಇಲ್ಲ, ಬರೀ ಗಾಳಿ. ನೂರಾ ಮೂವತ್ತು ಸೆಂಟಿಮೀಟರಿಗಿಂತ ಗಿಡ್ಡಗಿದ್ದವರಿಗೆ ಅಲ್ಲಿ ಪ್ರವೇಶವಿಲ್ಲ. ಮತ್ತು ಆ ಗಿಡುಗದ ಬುಡದಲ್ಲಿ, ಅಳತೆಯ ಕೋಲಿನ ಪಕ್ಕ ಹದಿನಾಲ್ಕು ವರ್ಷದಿಂದ ನಿಂತಿದ್ದವಳು ಮೆಣಸಿನ ತಾಯಿಯೇ. ಪಾರ್ಕಿನವರೆಲ್ಲ ಅವಳನ್ನು ಕೋಲಕ್ಕ ಎನ್ನುತ್ತಿದ್ದರು.

ಕೋಲಕ್ಕನಿಗೆ ಮಕ್ಕಳ ಆಟಗಳೆಲ್ಲ ಕರತಲಾಮಲಕ. ಕಾಲುಚೀಲದೊಳಗೆ ರಟ್ಟು ಇಟ್ಟುಕೊಂಡು ಬರುವವರು, ನೆತ್ತಿಯ ಮೇಲೆ ತುರುಬು ಕಟ್ಟಿಸಿಕೊಂಡು ಬರುವವರು, ಕತ್ತನ್ನು ಆಮೆಯ ಹಾಗೆ ಹೊರಗೆಳೆಯುವವರು. ಅವಳು ಯಾರನ್ನೂ ಗದರುತ್ತಿರಲಿಲ್ಲ. ಕೋಲಿಗೆ ಅಡ್ಡಲಾಗಿ ಒಂದು ಹಲಗೆ ಇತ್ತು. ಚಪ್ಪಲಿ, ಶೂ ಬಿಚ್ಚಿ ಕೆಳಗೆ ನಿಂತಾಗ ತಲೆ ಅದಕ್ಕೆ ತಾಗಿದರೆ ಒಳಗೆ, ತಾಗದಿದ್ದರೆ ಇಲ್ಲ. ತಾಗದ ಮಗುವಿನ ಮುಂದೆ ಅವಳು ಮಂಡಿಯೂರಿ, "ನೀನು ಬೆಳೀತಾ ಇರು ರಾಜ, ಗಿಡುಗ ಎಲ್ಲಿಗೂ ಹಾರಿಹೋಗಲ್ಲ" ಎನ್ನುವಳು. ಜಗಳಕ್ಕೆ ಬಂದ ಅಪ್ಪಂದಿರನ್ನೂ ಹಾಗೇ ಸಮಾಧಾನ ಮಾಡಿ ಕಳಿಸಿದ್ದಳು. ಹದಿನಾಲ್ಕು ವರ್ಷದಲ್ಲಿ ಒಂದು ಗಿಡ್ಡ ಮಗುವೂ ಅವಳ ಕೋಲನ್ನು ದಾಟಿ ಹೋಗಿರಲಿಲ್ಲ. ಪ್ರತಿದಿನ ಬಾಗಿಲು ತೆರೆಯುವ ಮೊದಲು ಸ್ಟೀಲ್ ಟೇಪಿನಿಂದ ಆ ಹಲಗೆಯ ಎತ್ತರವನ್ನು ನೋಡಿ, ನೂರಾ ಮೂವತ್ತು ಎಂದು ಚೀಟಿಯಲ್ಲಿ ಬರೆದು ಸಹಿ ಹಾಕುವುದು ಅವಳ ರೂಢಿ. ಬೇರೆ ಯಾವ ಆಟದವರೂ ಹಾಗೆ ಮಾಡುತ್ತಿರಲಿಲ್ಲ. ಅದು ಅವಳು ತಾನಾಗಿ ಕಟ್ಟಿಕೊಂಡ ಕೆಲಸ.

ವರ್ಷಕ್ಕೊಂದು ಸೋಮವಾರ, ಪಾರ್ಕು ಹೊರಗಿನವರಿಗೆ ಮುಚ್ಚಿದ್ದಾಗ, ಕೆಲಸದವರ ಮನೆಮಂದಿಗೆಂದು ಎಲ್ಲ ಆಟಗಳನ್ನೂ ತೆರೆಯುತ್ತಿದ್ದರು. ಹಿಂದಿನ ವರ್ಷ ಆ ದಿನ ಮೆಣಸು ಹಲಗೆಯ ಕೆಳಗೆ ನಿಂತಾಗ ತಲೆಗೂ ಹಲಗೆಗೂ ನಡುವೆ ಅಂಗೈ ಅಗಲದಷ್ಟು ಸಂದಿತ್ತು. ಅವತ್ತು ಅವಳು ಅಳಲಿಲ್ಲ. ಮನೆಗೆ ಬಂದು, "ನೂರಾ ಮೂವತ್ತೇ ಯಾಕಮ್ಮ? ನೂರಾ ಇಪ್ಪತ್ತಾದರೆ ಏನಾಗುತ್ತೆ?" ಎಂದು ಕೇಳಿದಳು.

ಕೋಲಕ್ಕ ಪಾತ್ರೆ ಉಜ್ಜುವುದನ್ನು ಬಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಮಗಳನ್ನು ಕುರ್ಚಿಯಲ್ಲಿ ಕೂರಿಸಿದಳು. ಪೊರಕೆಯ ಹಿಡಿಯನ್ನು ಅವಳ ಎರಡೂ ಭುಜದ ಮೇಲೆ ಅಡ್ಡ ಹಿಡಿದಳು. "ನೋಡು, ಸೀಟಿನ ಕಂಬಿ ಹೀಗೆ ಬಂದು ಭುಜದ ಮೇಲೆ ಕೂರಬೇಕು. ಭುಜಕ್ಕೂ ಕಂಬಿಗೂ ನಡುವೆ ಎರಡು ಬೆರಳಿಗಿಂತ ಜಾಸ್ತಿ ಸಂದು ಇರಬಾರದು. ಇದ್ದರೆ ತಲೆಕೆಳಗಾದಾಗ ಮೈ ಜಾರುತ್ತೆ. ನೂರಾ ಮೂವತ್ತು ಇದ್ದೋರಿಗೆ ಎರಡೇ ಬೆರಳು. ಲೆಕ್ಕ ಅಷ್ಟೇ."

"ಜಾರಿದರೆ ಹಿಡ್ಕೋಬೋದಲ್ಲ?"

"ಜಾರಿದ ಮೇಲೆ ಹಿಡಿಯೋಕೆ ಆಗಲ್ಲ. ಯಾವಾಗಾದರೂ ಏನೋ ಸರಿಯಿಲ್ಲ ಅನ್ನಿಸಿದರೆ, ಹೊರಡೋಕೆ ಮುಂಚೆ ಕೈ ಎತ್ತಬೇಕು. ಯಾರು ಎತ್ತಿದರೂ, ಯಾಕೆ ಎತ್ತಿದರೂ, ಯಂತ್ರ ನಡೆಸೋರು ಬಟನ್ ಒತ್ತೋ ಹಾಗಿಲ್ಲ."

ಆ ವಾರದಿಂದಲೇ ವಾರದ ಗೆರೆಗಳು ಶುರುವಾದದ್ದು. ಮೆಣಸು ಬಾಗಿಲ ಚೌಕಟ್ಟಿಗೆ ಜೋತುಬಿದ್ದಳು, ಹಾಲು ಕುಡಿದಳು, ಯಾರೋ ಹೇಳಿದರೆಂದು ಒಂದು ತಿಂಗಳು ದಿಂಬಿಲ್ಲದೆ ಮಲಗಿದಳು. ಬಾಗಿಲ ಗೆರೆ ಅದ್ಯಾವುದಕ್ಕೂ ಸೊಪ್ಪು ಹಾಕದೆ ವಾರಕ್ಕೊಂದು ಮಿಲಿಮೀಟರು, ತನ್ನದೇ ಗತಿಯಲ್ಲಿ ಏರಿತು. ಈ ವರ್ಷದ ಆ ದಿನಕ್ಕೆ ಸರಿಯಾಗಿ ಒಂದು ವಾರ ಮುಂಚೆ ಗೆರೆ ನಿಂತದ್ದು ನೂರಾ ಇಪ್ಪತ್ತೆಂಟು ಸೆಂಟಿಮೀಟರು, ನಾಲ್ಕು ಮಿಲಿಮೀಟರಿನಲ್ಲಿ.

"ಇನ್ನು ಹದಿನಾರು ಮಿಲಿಮೀಟರು" ಎಂದಳು ಕೋಲಕ್ಕ, ಮೆಲ್ಲಗೆ.

ಆ ಸೋಮವಾರ ಬಂದಾಗ ಮೆಣಸು ಬಾಗಿಲ ಹತ್ತಿರ ಸುಳಿಯಲೇ ಇಲ್ಲ. "ಇವತ್ತು ಇಲ್ಲಿ ಬೇಡಮ್ಮ. ಅಲ್ಲೇ ನೋಡೋಣ" ಎಂದಳು. ತಾಯಿಗೆ ಅರ್ಥವಾಯಿತು. ಲೆಕ್ಕಕ್ಕೆ ಬೆನ್ನು ತಿರುಗಿಸಿದ ಆಸೆ ಅದು. ಮಗಳಿಗೆ ಜಡೆ ಹಾಕಿದಳು, ನೆತ್ತಿಯ ಮೇಲೆ ಒಂದು ಕೂದಲೂ ಉಬ್ಬದ ಹಾಗೆ, ಒತ್ತಿ.

*

ಗಿಡುಗ ಹಿಂದಿನ ನಾಲ್ಕು ದಿನ ರಿಪೇರಿಗೆಂದು ನಿಂತಿತ್ತು. ಕೋಲಕ್ಕನನ್ನು ಆ ದಿನಗಳಲ್ಲಿ ದೋಣಿಯ ಆಟಕ್ಕೆ ಹಾಕಿದ್ದರು. ಈಗ ಬಂದು ನೋಡಿದರೆ, ಒಡೆದುಹೋಗಿದ್ದ ಸಿಮೆಂಟು ನೆಲದ ಮೇಲೆಲ್ಲ ಕೆಂಪು ರಬ್ಬರಿನ ಹಾಸು. ಮಕ್ಕಳು ಎಡವಿ ಬಿದ್ದರೂ ಮಂಡಿ ತರಚಬಾರದೆಂದು. ನಡೆದರೆ ಮೆತ್ತಗೆ, ಹಿತವಾಗಿತ್ತು. ಕೋಲಿನ ಬುಡದ ಕಬ್ಬಿಣದ ತಗಡಿನ ಸುತ್ತ ರಬ್ಬರನ್ನು ಅಚ್ಚುಕಟ್ಟಾಗಿ ಕೊರೆದು ಕೂರಿಸಿದ್ದರು. ಕೋಲಕ್ಕ ರೂಢಿಯಂತೆ ಟೇಪಿನ ತುದಿಯನ್ನು ಆ ತಗಡಿಗೆ ಒತ್ತಿ, ಮೇಲಕ್ಕೆಳೆದು ನೋಡಿದಳು. ನೂರಾ ಮೂವತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬರೆದಳು, ಸಹಿ ಹಾಕಿದಳು.

ಮೊದಲ ಸುತ್ತಿಗೆ ಹನ್ನೊಂದು ಜನ ಸಾಲು ನಿಂತಿದ್ದರು. ಟಿಕೆಟ್ ಕೌಂಟರಿನಾಕೆಯ ಮಗಳು, ಕಾಲು ಉದ್ದವಾದ್ದರಿಂದ ಜಿಂಕೆ ಎಂದು ಕರೆಸಿಕೊಳ್ಳುವವಳು, ಮೆಣಸಿನ ಮುಂದಿದ್ದಳು. ಜಿಂಕೆಯ ತಲೆ ಹಲಗೆಗೆ ತಾಗಿತು.

"ನೀನು ಟ್ರೈ ಮಾಡೋದೇ ವೇಸ್ಟು ಕಣೇ" ಎಂದಳು ಜಿಂಕೆ ತಿರುಗಿ. "ಹೋಗಿ ಬಾತುಕೋಳಿ ಆಟದಲ್ಲಿ ಕೂತ್ಕೋ."

"ಬಾತುಕೋಳಿಗೆ ಕೊಬ್ಬು ಜಾಸ್ತಿ. ನಿನಗೇ ಸರಿಹೋಗುತ್ತೆ."

"ಮೆಣಸು!" ಎಂದಳು ಕೋಲಕ್ಕ. ಆಮೇಲೆ ಕೋಲಿನಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ತನ್ನ ಮಗುವಿನ ತಲೆಯನ್ನು ತಾನೇ ನೋಡಬಾರದು ಎಂಬುದು ಅವಳದೇ ಕಟ್ಟಳೆ. ತಾಯಿಯ ಕಣ್ಣಿಗೆ ಮಗು ಯಾವಾಗಲೂ ಒಂದೆರಡು ಮಿಲಿಮೀಟರು ಜಾಸ್ತಿಯೇ ಕಾಣುತ್ತದೆ. ಗಿಡುಗದ ಯಂತ್ರ ನಡೆಸುವ ಹಿರಿಯನನ್ನು, ಎಲ್ಲರೂ ಬಟನ್ ಮಾವ ಎನ್ನುವವನನ್ನು, ಅವಳು ಕೈ ಮಾಡಿ ಕರೆದಳು.

ಬಟನ್ ಮಾವ ಕನ್ನಡಕ ಏರಿಸಿಕೊಂಡು ಬಗ್ಗಿದ. "ಹಿಮ್ಮಡಿ ಕೆಳಗೆ. ಗದ್ದ ನೆಟ್ಟಗೆ. ಹಾಂ..." ಬಗ್ಗಿದವನು ಹಾಗೇ ಉಳಿದ. ಇನ್ನೊಂದು ಕಡೆಯಿಂದ ನೋಡಿದ. "ತಾಗ್ತು ಕಣಮ್ಮ!"

ಬೇಲಿಯಾಚೆ ನಿಂತಿದ್ದ ಅಜ್ಜಿ ಚಪ್ಪಾಳೆ ತಟ್ಟಿದರು. "ನಾನು ಹೇಳಲಿಲ್ವಾ, ದಿಂಬು ತೆಗೆದಿದ್ದು ಫಲ ಕೊಡ್ತು!" ಕೋಲಕ್ಕನಿಗೆ ನಂಬಲಾಗಲಿಲ್ಲ, ನಂಬದೆಯೂ ಇರಲಾಗಲಿಲ್ಲ. ಮೆಣಸು ಮಾತ್ರ ಹಲಗೆಯ ಕೆಳಗಿನಿಂದ ಹೊರಬಂದು ಅದನ್ನೇ ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ಓಡಿದಳು.

ಏಳನೆಯ ಸೀಟು. ಪಕ್ಕದ ಆರನೆಯದರಲ್ಲಿ ಜಿಂಕೆ. ಕಂಬಿಗಳು ಬುಸ್ ಎಂದು ಇಳಿದು ಕಟಕ್ ಎಂದು ಕಚ್ಚಿಕೊಂಡವು. ಕೋಲಕ್ಕ ಒಂದನೆಯ ಸೀಟಿನಿಂದ ಶುರುಮಾಡಿ ಒಂದೊಂದೇ ಕಂಬಿಯನ್ನು ಜಗ್ಗಿ, ಬೀಗ ಕಚ್ಚಿದೆಯೋ ನೋಡುತ್ತ ಬರುತ್ತಿದ್ದಳು. ನಾಲ್ಕನೆಯದಕ್ಕೆ ಬಂದಾಗ ಏಳನೆಯದರಲ್ಲಿ ಒಂದು ಪುಟ್ಟ ಕೈ ಮೇಲೆದ್ದಿತು.

ಬಟನ್ ಮಾವ ಎರಡೂ ಕೈಯನ್ನು ಯಂತ್ರದ ಮೇಜಿನಿಂದ ದೂರ ತೆಗೆದ. "ಕೈ ಎತ್ತಿದ್ದಾರೆ!"

"ಅಯ್ಯೋ, ಹೆದರಿಬಿಟ್ಟಳು!" ಜಿಂಕೆ ಕಿಲಕಿಲ ನಕ್ಕಳು. "ಪುಕ್ಕಲಿ! ವರ್ಷವಿಡೀ ಗಿಡುಗ ಗಿಡುಗ ಅಂತಿದ್ದಳು!" ಉಳಿದ ಮಕ್ಕಳೂ ನಗತೊಡಗಿದರು. ಯಾರೋ ದೊಡ್ಡವರೊಬ್ಬರು, "ಇಳಿಸಿಬಿಡಿ ಪಾಪ, ಚಡ್ಡಿ ಒದ್ದೆ ಆದೀತು" ಎಂದರು. ಮೆಣಸಿನ ಕಿವಿ ಕೆಂಪಾಯಿತು. ಕೈ ಮಾತ್ರ ಇಳಿಯಲಿಲ್ಲ.

ಕೋಲಕ್ಕ ಓಡಿಬಂದು ಅವಳ ಮುಂದೆ ಮಂಡಿಯೂರಿದಳು. "ಹೆದರಿಕೆ ಆಯ್ತಾ ಬಂಗಾರ? ಆದರೆ ಏನಂತೆ. ಎಷ್ಟೋ ದೊಡ್ಡೋರು ಇಲ್ಲಿ ಕೂತಮೇಲೆ ಇಳಿದು ಹೋಗಿದ್ದಾರೆ."

"ಹೆದರಿಕೆ ಅಲ್ಲಮ್ಮ." ಮೆಣಸು ಬೇರೆಯವರಿಗೆ ಕೇಳಿಸದಷ್ಟು ಸಣ್ಣಗೆ ಹೇಳಿದಳು. "ಬೆರಳು."

ಅವಳ ಎಡಗೈ ಭುಜಕ್ಕೂ ಕಂಬಿಗೂ ನಡುವೆ ಇತ್ತು. ಎರಡು ಬೆರಳಲ್ಲ, ಮೂರು, ಅದೂ ಸಲೀಸಾಗಿ.

"ನನ್ನ ಬೆರಳು ಚಿಕ್ಕದು ಅಂದ್ಕೊಂಡೆ. ನಿನ್ನದು ಹಾಕಿ ನೋಡು." ಕೋಲಕ್ಕ ಹಾಕಿದಳು. ತನ್ನ ಎರಡು ಬೆರಳು ಹೋದಮೇಲೂ ಮೂರನೆಯದಕ್ಕೆ ಜಾಗ ಉಳಿದಿತ್ತು.

"ಅಮ್ಮ, ಹೋದ ಸೋಮವಾರ ನೂರಾ ಇಪ್ಪತ್ತೆಂಟು ಪಾಯಿಂಟ್ ನಾಲ್ಕು. ನಾನು ವಾರಕ್ಕೆ ಒಂದು ಮಿಲಿಮೀಟರು ಬೆಳೆಯೋಳು. ಒಂದೇ ವಾರದಲ್ಲಿ ಹದಿನಾರು ಹೇಗೆ ಬೆಳೆದೆ?" ಎತ್ತಿದ ಕೈ ಇಳಿಸದೆಯೇ ಮುಗಿಸಿದಳು: "ನಮ್ಮ ಬಾಗಿಲು ಸುಳ್ಳು ಹೇಳಲ್ಲ. ನಿನ್ನ ಕೋಲು ಏನೋ ತಪ್ಪಿದೆ."

ಕೋಲಕ್ಕನಿಗೆ ಮೊದಲು ಬಂದದ್ದು ಸಿಟ್ಟು. ಕೋಲು ತಪ್ಪುವುದೆಂದರೇನು? ಇವತ್ತು ಬೆಳಿಗ್ಗೆ ತಾನೇ ಅಳೆದದ್ದು, ಸಹಿ ಹಾಕಿದ್ದು. ಆದರೆ ಬೆರಳು ಇನ್ನೂ ಆ ಸಂದಿನಲ್ಲೇ ಇತ್ತು. ಅವಳು ಎದ್ದು ಪಕ್ಕದ ಸೀಟಿಗೆ ಹೋಗಿ ಜಿಂಕೆಯ ಭುಜದ ಹತ್ತಿರವೂ ಬೆರಳು ಹಾಕಿದಳು. ಅಲ್ಲೂ ಅದೇ. ನಗುತ್ತಿದ್ದ ಜಿಂಕೆ ನಗು ನಿಲ್ಲಿಸಿದಳು.

"ಮಾವ, ಎಲ್ಲ ಕಂಬಿ ಎತ್ತಿ. ಎಲ್ಲರೂ ಇಳೀಬೇಕು."

ಗದ್ದಲ ಕೇಳಿ ಮ್ಯಾನೇಜರು ಬಂದರು. ಅಷ್ಟರಲ್ಲಿ ಕೋಲಕ್ಕ ಕೋಲಿನ ಬುಡದಲ್ಲಿ ಕೂತು ಟೇಪು ಎಳೆದಿದ್ದಳು. ತಗಡಿನಿಂದ ಹಲಗೆಗೆ ನೂರಾ ಮೂವತ್ತು. ಇನ್ನೊಮ್ಮೆ, ನೂರಾ ಮೂವತ್ತೇ. ಏನೂ ತಪ್ಪಿಲ್ಲ!

ಮೆಣಸು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು. "ಅಮ್ಮ, ನೀನು ಕೋಲಿನ ಕಾಲಿಂದ ಅಳೀತಿದ್ದೀಯ. ನಾನು ಅಲ್ಲಿ ನಿಂತಿರಲಿಲ್ಲ."

ಕೋಲಕ್ಕ ಟೇಪಿನ ತುದಿಯನ್ನು ತಗಡಿನಿಂದ ಕಿತ್ತು, ಒಂದು ಗೇಣು ಆಚೆ, ಮಕ್ಕಳು ನಿಲ್ಲುವ ಕೆಂಪು ರಬ್ಬರಿನ ಮೇಲಿಟ್ಟಳು. ನೂರಾ ಇಪ್ಪತ್ತೆಂಟು, ಎರಡು ಮಿಲಿಮೀಟರು. ರಬ್ಬರು ಒಂದು ಬೆರಳು ದಪ್ಪವಿತ್ತು. ನೆಲ ಏರಿತ್ತು, ಅದರ ಜೊತೆಗೆ ಮಕ್ಕಳೂ ಏರಿದ್ದರು. ತಗಡಿಗೆ ಕಚ್ಚಿಕೊಂಡ ಕೋಲು ಮಾತ್ರ ಹಳೆಯ ನೆಲದಲ್ಲೇ ನಿಂತಿತ್ತು. ಹದಿನಾಲ್ಕು ವರ್ಷ ಕೋಲನ್ನೇ ಕಾದವಳು, ಕೋಲನ್ನು ಕಾಯುವ ಭರದಲ್ಲಿ ಮಕ್ಕಳ ಪಾದವನ್ನು ಮರೆತಿದ್ದಳು.

ನಾಳೆ ಮಂಗಳವಾರ. ನಾಳೆ ಹೊರಗಿನವರಿಗೆ ಬಾಗಿಲು ತೆರೆದಾಗ ಇನ್ನೂರು ಮುನ್ನೂರು ಮಕ್ಕಳು ಈ ರಬ್ಬರಿನ ಮೇಲೆ ನಿಂತಿರುತ್ತಿದ್ದರು. ಕೋಲಕ್ಕ ಎದ್ದು, ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ತಪ್ಪು ನನ್ನದು. ಅಳತೆ ಎಲ್ಲಿಂದ ಶುರುಮಾಡಬೇಕೋ ಅಲ್ಲಿಂದ ಮಾಡಲಿಲ್ಲ. ನನ್ನ ಮಗಳು ಹೇಳಿದಳು, ನಾನು ನೋಡಿದೆ."

ಟಿಕೆಟ್ ಕೌಂಟರಿನಾಕೆ ಬೇಲಿ ದಾಟಿ ಬಂದಿದ್ದಳು. "ಕೈ ಎತ್ತಿದ್ದಕ್ಕೆ ನನ್ನ ಮಗಳ ಆಟ ಹಾಳಾಯ್ತಲ್ಲ" ಎಂದು ಶುರುಮಾಡಿದವಳು, ರಬ್ಬರಿನ ಮೇಲಿದ್ದ ಟೇಪನ್ನು ನೋಡಿ, ಜಿಂಕೆಯನ್ನು ಹತ್ತಿರಕ್ಕೆಳೆದುಕೊಂಡು, ಅವಳ ಭುಜವನ್ನು ಬಟ್ಟೆಯ ಮೇಲಿಂದಲೇ ಮುಟ್ಟಿ ಮುಟ್ಟಿ ನೋಡಿದಳು. ಮಗಳ ಕಿವಿಯಲ್ಲಿ ಏನೋ ಹೇಳಿದಳು. ಜಿಂಕೆ ಮುಖ ಊದಿಸಿಕೊಂಡೇ ಮೆಣಸಿನ ಹತ್ತಿರ ಬಂದು, "ಪುಕ್ಕಲಿ ಅಂದಿದ್ದು ವಾಪಸ್ ತಗೊಂಡೆ" ಎಂದಳು. ಸ್ವಲ್ಪ ತಡೆದು, "ಬಾತುಕೋಳಿ ಅಂದಿದ್ದು ಹಾಗೇ ಇರಲಿ" ಎಂದೂ ಸೇರಿಸಿದಳು.

ಮ್ಯಾನೇಜರು ಗಡಿಯಾರ ನೋಡಿಕೊಂಡರು. ಒಳ್ಳೆಯ ಮನುಷ್ಯ, ಮಕ್ಕಳ ಮುಖ ಬಾಡುವುದನ್ನು ನೋಡಲಾರದವರು. "ಹದಿನೈದು ಹದಿನಾರು ಮಿಲಿಮೀಟರು ತಾನೇ ಕೋಲಕ್ಕ? ಹೇಗೂ ನಮ್ಮ ಮನೆ ಮಕ್ಕಳು. ಪಾಪ, ಕಂಡುಹಿಡಿದವಳಿಗೇ ಇಲ್ಲ ಅಂದರೆ ಹೇಗೆ? ಅವಳೊಬ್ಬಳನ್ನ ನಿಧಾನವಾಗಿ ಒಂದು ಸುತ್ತು..."

ಕೋಲಕ್ಕ ಬಾಯಿ ತೆರೆದಳು. ಅದಕ್ಕೂ ಮುಂಚೆ ಕೆಳಗಿನಿಂದ ಉತ್ತರ ಬಂತು.

"ಗಿಡುಗಕ್ಕೆ ನಿಧಾನ ಬರಲ್ಲ ಅಂಕಲ್. ಎರಡೇ ಬಟನ್ ಇರೋದು, ಹೊರಡೋದು, ನಿಲ್ಲೋದು."

ಬಟನ್ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಸರಿಯಾಗಿ ಹೇಳಿದೆ ಮಗಳೇ! ಹದಿನಾಲ್ಕು ವರ್ಷಕ್ಕೆ ಮೊದಲ ಸಲ ಕೋಲಕ್ಕ ಎಡವಿದ್ದು, ಹಿಡಿದೋಳು ಅವಳ ಹೊಟ್ಟೆಯಲ್ಲೇ ಹುಟ್ಟಿದೋಳು. ಮನೆ ಮಾನ ಮನೇಲೇ ಉಳೀತು ಬಿಡು!"

"ಹಾಗಾದರೆ ಆ ಏಳನೇ ಸೀಟು ಖಾಲಿ ತಾನೇ?" ಎಂದು ಅಜ್ಜಿ ಬೇಲಿಯಾಚೆಯಿಂದ ಕೇಳಿದರು. "ನಾನು ಹೋಗಿಬರಲಾ?"

"ಅತ್ತೆ, ನಿಮಗೆ ಬಿ.ಪಿ. ಇದೆ."

"ಎತ್ತರ ಇದೆಯಲ್ಲ!"

ಎಲ್ಲರೂ ನಕ್ಕರು, ಮೆಣಸೂ ನಕ್ಕಳು. ನಗುತ್ತಿದ್ದಾಗಲೇ ಅವಳ ಕಣ್ಣಿನಿಂದ ಎರಡು ಹನಿ ಉದುರಿದವು. ಅದನ್ನು ಕಂಡವಳು ತಾಯಿ ಒಬ್ಬಳೇ. ಅವಳು ಮಗಳನ್ನು ಕೋಲಿನ ಹಿಂದಕ್ಕೆ ಕರೆದುಕೊಂಡು ಹೋಗಿ ಸೆರಗಿನಿಂದ ಮುಖ ಒರೆಸಿದಳು.

"ಗೊತ್ತಿತ್ತಲ್ಲ ನಿನಗೆ, ಕೈ ಎತ್ತಿದರೆ ಇಳಿಸ್ತಾರೆ ಅಂತ."

"ಹೂಂ."

"ಮತ್ತೆ?"

"ಜಿಂಕೆ ಪಕ್ಕದಲ್ಲೇ ಇದ್ದಳು. ಅವಳಿಗೆ ಬೆರಳಿನ ಲೆಕ್ಕ ಗೊತ್ತಿಲ್ಲ." ಮೆಣಸು ಮೂಗು ಎಳೆದುಕೊಂಡಳು. "ಆಮೇಲೆ, ಚೀಟಿ ಮೇಲೆ ನಿನ್ನ ಸಹಿ ಇತ್ತು."

ಕೋಲಕ್ಕ ಮಗಳ ನೆತ್ತಿಯ ಮೇಲೆ ಅಂಗೈ ಇಟ್ಟುಕೊಂಡು ನಿಂತಳು. ಈ ತಲೆಯ ಮೇಲೆ ಎಷ್ಟು ಸೋಮವಾರ ಪುಸ್ತಕ ಇಟ್ಟಿದ್ದಳು. ಎಷ್ಟು ಎತ್ತರ ಎಂದು ನೋಡಿದ್ದಳೇ ಹೊರತು, ಒಳಗೆ ಏನು ಬೆಳೆಯುತ್ತಿದೆಯೆಂದು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ರಿಪೇರಿಯವರು ಬಂದು ಹಲಗೆಯನ್ನು ಬಿಚ್ಚಿ ರಬ್ಬರಿನ ದಪ್ಪದಷ್ಟು ಮೇಲಕ್ಕೆ ಕೂರಿಸಿದರು. ಕೋಲಕ್ಕ ಟೇಪಿನ ತುದಿಯನ್ನು ಮಗಳ ಕೈಗೇ ಕೊಟ್ಟಳು. "ಎಲ್ಲಿಂದ ಹಿಡೀಬೇಕೋ ನೀನೇ ಹಿಡಿ." ಮೆಣಸು ರಬ್ಬರಿನ ಮೇಲೆ ಹಿಡಿದಳು. ನೂರಾ ಮೂವತ್ತು. ಚೀಟಿಯಲ್ಲಿ ಹಳೆಯ ಸಾಲನ್ನು ಹೊಡೆದುಹಾಕಿ ಕೋಲಕ್ಕ ಹೊಸದಾಗಿ ಬರೆದಳು, ಸಹಿ ಹಾಕಿದಳು.

ಆಮೇಲೆ ಮೆಣಸು ಯಾರೂ ಹೇಳದೆಯೇ ಹಲಗೆಯ ಕೆಳಗೆ ಹೋಗಿ ನಿಂತಳು. ಮೇಲೆ ಒಂದು ಸಣ್ಣ ಸಂದು, ಬೆಳಕು ತೂರುವಷ್ಟು.

"ಅಲ್ಲಾಡಬೇಡ" ಎಂದು ಕೋಲಕ್ಕ ಸೊಂಟದ ಚೀಲದಿಂದ ಸೀಮೆಸುಣ್ಣ ತೆಗೆದು, ಬಗ್ಗಿ, ಅವಳ ಎರಡೂ ಪಾದದ ಸುತ್ತ ಗೆರೆ ಎಳೆದಳು. ಕಚಗುಳಿಗೆ ಮೆಣಸಿನ ಹೆಬ್ಬೆರಳು ಕುಣಿಯಿತು. ರಿಪೇರಿಯವರ ಹತ್ತಿರ ಹಳದಿ ಬಣ್ಣದ ಡಬ್ಬಿ ಇತ್ತು. ಸುಣ್ಣದ ಗೆರೆಯೊಳಗೆ ಬಣ್ಣ ತುಂಬಿದ್ದು ಅಮ್ಮ ಮಗಳು ಸೇರಿ. ಎಡಗಾಲು ಒಬ್ಬಳು, ಬಲಗಾಲು ಇನ್ನೊಬ್ಬಳು. ಮಕ್ಕಳು ನಿಲ್ಲುವುದು ಇಲ್ಲಿ, ಟೇಪು ಶುರುವಾಗುವುದೂ ಇಲ್ಲಿಂದ.

ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಮೆಣಸು ನೇರವಾಗಿ ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟಳು. ಅಜ್ಜಿ ನೆಲಕ್ಕೆ ಕೂತರು, ಪುಸ್ತಕ ಬಂತು, ಗೆರೆ ಬಿತ್ತು. ನೂರಾ ಇಪ್ಪತ್ತೆಂಟು, ಐದು.

"ಇನ್ನು ಹದಿನೈದು" ಎಂದಳು ಮೆಣಸು. "ಹದಿನೈದು ವಾರಕ್ಕೆ ನಾನು ರೆಡಿ. ಉಳಿದ ಮೂವತ್ತೇಳು ವಾರ ಸುಮ್ಮನೆ ಬೆಳೆದು ಏನು ಮಾಡಲಿ?"

"ಪಾತ್ರೆ ತೊಳೆ" ಎಂದರು ಅಜ್ಜಿ. "ಮೇಲಿನ ಕಪಾಟಿಗೆ ಕೈ ಎಟುಕುತ್ತೆ, ಜೋಡಿಸಿಡು."

ಮಾರನೆಯ ಬೆಳಿಗ್ಗೆ ಪಾರ್ಕಿನ ಬಾಗಿಲು ತೆರೆದಾಗ ಗಿಡುಗದ ಸಾಲಿನಲ್ಲಿ ಮೊದಲು ಬಂದದ್ದು ಹಲ್ಲು ಬಿದ್ದ ಒಬ್ಬ ಪುಟ್ಟ ಹುಡುಗಿ. ಹಳದಿ ಪಾದಗಳ ಮುಂದೆ ನಿಂತು, ತನ್ನ ಪಾದವನ್ನು ಅದರೊಳಗೆ ಇಡಬೇಕೋ ಬೇಡವೋ ಎಂದು ಯೋಚಿಸಿದಳು.

"ಇದು ಯಾರ ಕಾಲು ಆಂಟಿ?"

ಕೋಲಕ್ಕ ಎಂದಿನಂತೆ ಮಂಡಿಯೂರಿದಳು. ಹದಿನಾಲ್ಕು ವರ್ಷದಲ್ಲಿ ಸಾಲಿನ ಮಕ್ಕಳ ಹತ್ತಿರ ಅವಳು ತನ್ನ ಮನೆಯ ಸುದ್ದಿ ಎತ್ತಿದವಳಲ್ಲ.

"ನನ್ನ ಮಗಳದು" ಎಂದಳು. "ನಿಂತ್ಕೋ ರಾಣಿ. ಹಿಮ್ಮಡಿ ಕೆಳಗೆ, ಗದ್ದ ನೆಟ್ಟಗೆ."